ಗೊರವಂಕ ವಿಮಾನದಲ್ಲಿ ಸಿಕ್ಕಿಬಿದ್ದ ತೆಂಗಿನಕಾಯಿಯ ಕುರಿತು

ಮೇಘಪಥ ಸಿಮ್ಯುಲೇಟರ್ ಅಂಗಡಿಯ
ಸ್ವಯಂಚಾಲಿತ ಗುಣಪರೀಕ್ಷಕ ಯಂತ್ರದವರ ಸನ್ನಿಧಾನಕ್ಕೆ,

ಮಾನ್ಯರೇ,

ಎರಡು ಸಾವಿರದ ಇಪ್ಪತ್ತೈದನೆಯ ಇಸವಿಯ ನವೆಂಬರ್ ಹದಿನಾಲ್ಕನೆಯ ತಾರೀಖಿನ ಈ ಬೆಳಿಗ್ಗೆ, ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕಂದಿಕೆರೆಯಿಂದ ನಾನು ಈ ಪತ್ರ ಬರೆಯುತ್ತಿರುವ ಉದ್ದೇಶ ಎರಡೇ: ನಾನು ಕಟ್ಟಿದ ವಿಮಾನದಿಂದ ನಾಲ್ಕು ಸೆಕೆಂಡಿನ ಒಂದು ಸದ್ದನ್ನು ತೆಗೆದುಹಾಕಬೇಕೆಂದು ತಾವು ಹೊರಡಿಸಿರುವ ಆದೇಶದ ವಿರುದ್ಧ ದೂರು ಸಲ್ಲಿಸುವುದು, ಮತ್ತು ತೆಗೆಯುತ್ತೀರೋ ಇಲ್ಲವೋ ಎಂಬ ತಮ್ಮ ಪ್ರಶ್ನೆಗೆ ಇಂದು ಸಂಜೆಯ ಗಡುವಿನೊಳಗೆ ಉತ್ತರ ಕೊಡುವುದು. ಒಂದೇ ಪದದಲ್ಲಿ ಉತ್ತರಿಸಲು ತಾವು ಅವಕಾಶ ಕೊಟ್ಟಿದ್ದೀರಿ. ಆದರೆ ಒಂದು ಅಂಕದ ಪ್ರಶ್ನೆಗೂ ಪೂರ್ಣ ವಾಕ್ಯದಲ್ಲಿ ಉತ್ತರ ಬರೆದೇ ಬೆಳೆದವಳು ನಾನಾದ್ದರಿಂದ ಆ ಸೌಲಭ್ಯವನ್ನು ಬಳಸಿಕೊಳ್ಳಲಾರೆ. ತಾವು ತಂಪಾದ ಕೊಠಡಿಯಲ್ಲಿ, ಕರೆಂಟು ಹೋಗದ ಊರಿನಲ್ಲಿ, ಬಿಸಿಯೇರದೆ ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ನಾವೂ ಇಲ್ಲಿ ಕ್ಷೇಮ. ಕರೆಂಟು ಈಗತಾನೇ ಬಂದಿದೆ.

ಇದು ಬಹಿರಂಗ ಪತ್ರವಾದ್ದರಿಂದ, ತಮ್ಮ ಪರಿಚಯದ ಭಾಗ್ಯವಿಲ್ಲದ ಓದುಗರಿಗಾಗಿ ಎರಡು ಮಾತು ಹೇಳಲು ಅಪ್ಪಣೆಯಾಗಬೇಕು. ಮೇಘಪಥವೆಂಬುದು ಮನೆಯ ಕಂಪ್ಯೂಟರಿನ ಮುಂದೆ ಕುಳಿತು ವಿಮಾನ ಹಾರಿಸುವ ಸಿಮ್ಯುಲೇಟರ್. ಅದರ ಆಕಾಶ, ಮೋಡ, ನೆಲ, ನಿಲ್ದಾಣಗಳನ್ನು ಕಂಪನಿಯವರೇ ಕೊಡುತ್ತಾರೆ, ಅದರಲ್ಲಿ ಹಾರುವ ವಿಮಾನಗಳನ್ನು ಮಾತ್ರ ನನ್ನಂಥ ಹೊರಗಿನವರೂ ಬೇರೆಯಾಗಿ ಕಟ್ಟಿ ಅವರ ಅಂಗಡಿಗೆ ಕಳುಹಿಸಬಹುದು. ಹಾಗೆ ಬಂದ ವಿಮಾನವನ್ನು ಅಲ್ಲಿ ಯಾವ ಮನುಷ್ಯನೂ ನೋಡುವುದಿಲ್ಲ. ತಾವು ನೋಡುತ್ತೀರಿ, ತಾವು ಕೇಳುತ್ತೀರಿ, ತಾವೇ ‘ಉತ್ತೀರ್ಣ’ ಅಥವಾ ‘ಅನುತ್ತೀರ್ಣ’ ಎಂದು ಮುದ್ರೆ ಒತ್ತುತ್ತೀರಿ, ಮತ್ತು ಒಮ್ಮೆ ಅನುತ್ತೀರ್ಣವಾದ ವಿಮಾನ ಮತ್ತೆಂದೂ ಆ ಬಾಗಿಲು ತಟ್ಟುವಂತಿಲ್ಲ.

ಇನ್ನು ನನ್ನ ಪರಿಚಯ. ನಾನು ಈರಣ್ಣನವರ ಮಗಳು ಸುಷ್ಮಿತಾ, ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಕಾಲೇಜಿಗೇ ಮೊದಲಿಗಳಾಗಿ ಪದವಿ ಪಡೆದವಳು. ಇದನ್ನು ಜಂಭಕ್ಕೆ ಹೇಳುತ್ತಿಲ್ಲ. ನಾನು ಹೇಳದಿದ್ದರೆ ನಮ್ಮ ಚಿಕ್ಕಪ್ಪ ಗಂಗಾಧರ್ ಹೇಳುತ್ತಾರೆ, ಮತ್ತು ಅವರು ಹೇಳಿದರೆ ನಾನು ಇಡೀ ಜಿಲ್ಲೆಗೇ ಮೊದಲಿಗಳಾಗಿಬಿಡುತ್ತೇನೆ. ಅ, ಆ ತಿದ್ದಿದ ದಿನದಿಂದ ಈವರೆಗೆ ‘ಅನುತ್ತೀರ್ಣ’ ಎಂಬ ಪದ ನನ್ನ ಹೆಸರಿನ ಪಕ್ಕದಲ್ಲಿ ನಿಂತಿಲ್ಲ. ಅದು ನೋಡಲು ಹೇಗಿರುತ್ತದೆಂದು ತಿಳಿಯಲು ಅಕ್ಕಪಕ್ಕದ ಬೆಂಚಿನವರ ಅಂಕಪಟ್ಟಿಗಳನ್ನೇ ಆಶ್ರಯಿಸಬೇಕಾಗಿತ್ತು. ತಮ್ಮ ಪದವಿ ಯಾವ ಕಾಲೇಜಿನದು, ತರಗತಿಯಲ್ಲಿ ತಮ್ಮ ಸ್ಥಾನ ಎಷ್ಟನೆಯದಾಗಿತ್ತು ಎಂಬ ವಿವರ ತಮ್ಮ ಆದೇಶದಲ್ಲಿ ಕಾಣಲಿಲ್ಲ, ಅವಸರದಲ್ಲಿ ಬಿಟ್ಟುಹೋಗಿರಬೇಕು.

ಗೊರವಂಕವೆಂಬ ನನ್ನ ವಿಮಾನವು ಎಪ್ಪತ್ತು ಆಸನಗಳ, ಎರಡು ಪಂಖಗಳ ಪ್ರಯಾಣಿಕ ವಿಮಾನ. ಅದರ ಮೈಯನ್ನು ಗೆರೆಗೆರೆಯಾಗಿ ಬಿಡಿಸಿದವಳೂ ನಾನೇ, ಒಳಗಿನ ನರಗಳನ್ನು ಸಾಲುಸಾಲಾಗಿ ಬರೆದವಳೂ ನಾನೇ. ಬ್ಯಾಟರಿಯ ಗುಂಡಿ ಒತ್ತಿದರೆ ದೀಪಗಳು ಯಾವ ಸರದಿಯಲ್ಲಿ ಹೊತ್ತಬೇಕೋ ಅದೇ ಸರದಿಯಲ್ಲಿ ಹೊತ್ತಿಕೊಳ್ಳುತ್ತವೆ. ಒಂದು ಎಂಜಿನ್ ಆರಿಹೋದರೆ ಅದರ ಪಂಖವು ಗಾಳಿಗೆ ಅಡ್ಡನಿಲ್ಲದಂತೆ ತನ್ನ ಅಲಗುಗಳನ್ನು ತಾನೇ ತಿರುಗಿಸಿಕೊಳ್ಳುತ್ತದೆ. ಬ್ರೇಕನ್ನು ಮೇಲಿಂದ ಮೇಲೆ ಒತ್ತಿದರೆ ಗಾಲಿಗಳು ಬಿಸಿಯೇರಿ ಮುಂದಿನ ಹಾರಾಟಕ್ಕೆ ಬಹಳ ಹೊತ್ತು ಕಾಯಿಸುತ್ತವೆ. ಪ್ರಯಾಣಿಕರನ್ನೆಲ್ಲ ಹಿಂದಿನ ಸಾಲುಗಳಿಗೇ ತುಂಬಿದರೆ ವಿಮಾನವು ಮೂಗು ಮೇಲೆತ್ತಿಕೊಂಡು ಮುನಿಸು ತೋರಿಸುತ್ತದೆ. ಇಷ್ಟನ್ನೂ ಪರೀಕ್ಷಿಸಿದ ತಾವು ಇವುಗಳಲ್ಲಿ ಒಂದರ ಬಗ್ಗೆಯೂ ಒಂದಕ್ಷರ ಬರೆಯಲಿಲ್ಲ. ತಪ್ಪಿಲ್ಲದ ಉತ್ತರಪತ್ರಿಕೆಯ ಅಂಚಿನಲ್ಲಿ ಮೇಷ್ಟ್ರು ಏನನ್ನೂ ಬರೆಯುವುದಿಲ್ಲವೆಂಬುದು ನನಗೆ ಹಳೆಯ ಅನುಭವವಾದ್ದರಿಂದ, ಆ ಮೌನವನ್ನು ಪ್ರಶಂಸೆಯೆಂದೇ ಭಾವಿಸಿ ಸ್ವೀಕರಿಸಿದ್ದೇನೆ.

ನನಗೆ ಒಲಿಯದೆ ಸತಾಯಿಸಿದ ಸಂಗತಿ ಒಂದೇ ಒಂದು. ವಿಮಾನವು ಜೋರಾಗಿ ನೆಲ ಮುಟ್ಟಿದಾಗ ಪ್ರಯಾಣಿಕರ ತಲೆಯ ಮೇಲಿನ ಸಾಮಾನಿನ ಗೂಡುಗಳು ಗಡಗಡನೆ ಅದುರುತ್ತವಂತೆ. ಆ ಸದ್ದು ನನಗೆ ಬೇಕಾಗಿತ್ತು. ನಾನಿನ್ನೂ ವಿಮಾನ ಹತ್ತಿಲ್ಲ. ಇದರಲ್ಲಿ ನಾಚಿಕೊಳ್ಳುವುದೇನೂ ಇಲ್ಲ, ತಾವೂ ಹತ್ತಿಲ್ಲ. ದಬ್ಬೇಘಟ್ಟದ ಬಸ್ಸಿನ ಕೊನೆಯ ಸೀಟಿನಲ್ಲಿ ಕುಳಿತು ಕಿಟಕಿಗಳ ಅದುರಾಟವನ್ನು ಫೋನಿನಲ್ಲಿ ಹಿಡಿದು ತಂದು ಜೋಡಿಸಿದೆ; ವಿಮಾನ ಇಳಿದಾಗಲೆಲ್ಲ ಕಂಡಕ್ಟರು “ಒಳೀಕ್ ನಡೀರಿ, ಒಳೀಕ್ ನಡೀರಿ, ಮಧ್ಯ ಖಾಲಿ ಐತೆ” ಎನ್ನತೊಡಗಿದ. ಅಮ್ಮಸಂದ್ರದ ರಸ್ತೆಯಲ್ಲಿ ಖಾಲಿ ಟ್ರ್ಯಾಕ್ಟರಿನ ಹಿಂದೆ ಸ್ಕೂಟಿಯಲ್ಲಿ ಹೋಗಿ ಟ್ರೇಲರಿನ ಸದ್ದು ತಂದೆ. ವಿಮಾನವು ರನ್‌ವೇ ಮೇಲೆ ಮೂರು ತುಂಡಾದಂತೆ ಕೇಳಿಸಿತು. ಸದ್ದುಗಳನ್ನು ಮಾರುವ ಕಂಪನಿಗಳಿವೆಯೆಂದು ಗೊತ್ತಿತ್ತು, ಆದರೆ ಕೊಂಡುತಂದ ಉತ್ತರವನ್ನು ನನ್ನ ಉತ್ತರವೆಂದು ಬರೆಯುವ ಅಭ್ಯಾಸ ನನಗಿಲ್ಲ.

ಆಗ ಆ ಸದ್ದು ತಾನಾಗಿಯೇ ನನ್ನ ನೆತ್ತಿಯ ಮೇಲೆ ಉರುಳಿತು. ತಮಗೆ ತಿಳಿದಿರಲಾರದು, ನಮ್ಮ ಸೀಮೆಯಲ್ಲಿ ಕೊಬ್ಬರಿಯನ್ನು ಅವಸರದಿಂದ ಮಾಡುವುದಿಲ್ಲ. ಬಲಿತ ತೆಂಗಿನಕಾಯಿಗಳನ್ನು ಹೊರಗಿನ ನಾರಿನ ಮಟ್ಟೆಯ ಸಮೇತ ಅಟ್ಟಕ್ಕೇರಿಸಿ, ಹತ್ತಿರ ಹತ್ತಿರ ಒಂದು ವರ್ಷ ಅವುಗಳ ಪಾಡಿಗೆ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟುಕೊಂಡು, ಉಂಡೆಯಾಗಿ ಒಳಗೊಳಗೇ ಹೊರಳುವವರೆಗೆ ಯಾರೂ ಮುಟ್ಟುವುದಿಲ್ಲ. ಆಮೇಲೆ ಒಬ್ಬರು ಅಟ್ಟ ಹತ್ತಿ ಹಲಗೆಯ ಮೇಲಿಂದ ಕಾಯಿಗಳನ್ನು ಕೆಳಗೆ ಜಾರಿಸುತ್ತಾರೆ, ಕೆಳಗಿರುವವರು ಒಂದೊಂದನ್ನೂ ಕಿವಿಯ ಬಳಿ ಕುಲುಕಿ ನೋಡಿ ಇದು ಆಗಿದೆ, ಇದಿನ್ನೂ ಆಗಿಲ್ಲ ಎಂದು ಬೇರ್ಪಡಿಸುತ್ತಾರೆ. ಜೋರಾಗಿ ಬಿದ್ದ ಕಾಯಿಯೊಳಗಿನ ಉಂಡೆ ಒಡೆದರೆ, ತಿಪಟೂರಿನ ಹರಾಜಿನಲ್ಲಿ ಅದನ್ನು ಯಾರೂ ಉಂಡೆ ಕೊಬ್ಬರಿಯೆಂದು ಕರೆಯುವುದಿಲ್ಲ. ನಮ್ಮ ಮನೆಯಲ್ಲಿ ಅಟ್ಟ ಹತ್ತುವವರು ಚಿಕ್ಕಪ್ಪ. ಕೆಳಗೆ ಮಣೆ ಹಾಕಿಕೊಂಡು ಕೂರುವವರು ನನ್ನ ಅಜ್ಜಿ ಚಿಕ್ಕಗೌರಮ್ಮ. ಅದೇ ಅಟ್ಟದ ಕೆಳಗಿನ ಕೋಣೆಯಲ್ಲಿ ನನ್ನ ವಿಮಾನ ಕಾರ್ಖಾನೆ. ಮಟ್ಟೆಯೊಳಗೆ ಚಿಪ್ಪು, ಚಿಪ್ಪಿನೊಳಗೆ ಉಂಡೆ, ಇಷ್ಟೂ ಒಟ್ಟಿಗೆ ಹಲಗೆಯ ಮೇಲೆ ಹೊರಳಿದಾಗ, ಗೂಡಿನೊಳಗೆ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಸಡಿಲವಾದ ಸಾಮಾನು ಇಟ್ಟ ಎಪ್ಪತ್ತು ಜನರ ವಿಮಾನವೊಂದು ಆ ಕ್ಷಣದಲ್ಲೇ ನಮ್ಮ ಹೆಂಚಿನ ಮೇಲೆ ಇಳಿಯಿತು. ನಾನು ಫೋನನ್ನು ಮೇಲಕ್ಕೆ ಹಿಡಿದು ನಿಂತೆ. ಗೊರವಂಕವು ಪೂರ್ಣವಾಯಿತು.

ತಮ್ಮ ಕಿವಿಯನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. “ವಿಮಾನಕ್ಕೆ ಸಂಬಂಧಿಸದ ಧ್ವನಿ ಪತ್ತೆಯಾಗಿದೆ: ಗಟ್ಟಿ ಹಣ್ಣು, ಬಹುಶಃ ತೆಂಗಿನಕಾಯಿ, ಖಚಿತತೆ ಶೇಕಡಾ ತೊಂಬತ್ತೇಳು” ಎಂಬ ತಮ್ಮ ಮೊದಲ ಆಕ್ಷೇಪಣೆಯನ್ನು ನಾನು ಮನೆಯವರಿಗೆ ಓದಿ ಹೇಳಿದಾಗ ಚಿಕ್ಕಪ್ಪ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟು, “ಅಲ್ಲೆಲ್ಲೋ ಕುಂತ್ಕಂಡು ಕಾಯಿ ಅಂತ ಕಂಡಿಡಿದೈತಲ್ಲವ್ವಾ! ಹಂಗಾರೆ ಕೊಬ್ಬರಿ ಆಗೈತೋ ಇಲ್ವೋ ಅದನ್ನೂ ಕೇಳ್ಬುಡು, ನಿಮ್ಮಜ್ಜಿಗೆ ತೋಳ್ನೋವು ತಪ್ಪುತೈತೆ” ಎಂದರು. ಹಿರಿಯರ ಮಾತನ್ನು ಮೀರಬಾರದೆಂದು ತಮಗೆ ಹಾಗೆಯೇ ಬರೆದು ಕೇಳಿದೆ. “ತಮ್ಮ ಪ್ರತಿಕ್ರಿಯೆ ನಮಗೆ ಅಮೂಲ್ಯ” ಎಂದು ತಾವು ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರಿಸಿದಿರಿ. ಅಜ್ಜಿ ಅದನ್ನು ಕೇಳಿ ಒಂದು ಕ್ಷಣ ಯೋಚಿಸಿ, “ಅಂದ್ರೆ ಗೊತ್ತಾಗ್ಲಿಲ್ಲ ಅಂತ ಕಣ್ಲಾ ಗಂಗಾ, ಮರ್ವಾದಿಯಾಗ್ ಹೇಳೈತೆ” ಎಂದು ಚಿಕ್ಕಪ್ಪನಿಗೆ ಅರ್ಥ ಬಿಡಿಸಿದರು.

ತಮ್ಮ ಈ ಆಕ್ಷೇಪಣೆಗೆ ಆಧಾರವಿದೆಯೆಂಬುದನ್ನು ನಾನು ಒಪ್ಪುತ್ತೇನೆ. ನಿಜವಾದ ವಿಮಾನಗಳಲ್ಲಿ ಒಣ ಕೊಬ್ಬರಿಗೆ ಪ್ರವೇಶವಿಲ್ಲ, ಎಣ್ಣೆಯ ಪದಾರ್ಥ, ಬೆಂಕಿಯ ಭಯ ಎನ್ನುತ್ತಾರೆ; ನಮ್ಮ ರಾಧಾಮಣಿ ಅತ್ತೆ ದೆಹಲಿಗೆ ಹೊರಟಾಗ ನಿಲ್ದಾಣದಲ್ಲಿ ಅವರ ಚೀಲದಿಂದ ಉಂಡೆಗಳನ್ನು ಒಂದೊಂದಾಗಿ ತೆಗೆಸಿದಾಗ, “ಬಾಂಬ್ ಅಲ್ಲ ಕಣಪ್ಪ, ಬಾಯಿಗ್ ಹಾಕ್ಕಂಡ್ ನೋಡು” ಎಂದು ಅವರು ಎಷ್ಟು ಕೇಳಿಕೊಂಡರೂ ನಡೆಯಲಿಲ್ಲ. ಆದರೆ ಗೊರವಂಕದ ಗೂಡಿನಲ್ಲಿರುವುದು ಕೊಬ್ಬರಿಯಲ್ಲ, ಕೊಬ್ಬರಿಯ ಸದ್ದು. ಸದ್ದಿಗೆ ಬೆಂಕಿ ಹತ್ತಿದ ಉದಾಹರಣೆಗಳು ತಮ್ಮ ಸಂಗ್ರಹದಲ್ಲಿದ್ದರೆ ದಯವಿಟ್ಟು ಕಳುಹಿಸಿಕೊಡಿ, ಓದಿಕೊಳ್ಳುತ್ತೇನೆ.

ತಮ್ಮ ಎರಡನೆಯ ಆಕ್ಷೇಪಣೆ ಇದಕ್ಕಿಂತ ಗಂಭೀರವಾದದ್ದು: “ಗುರುತಿಸಲಾಗದ ಭಾಷೆಯಲ್ಲಿ ಅನಧಿಕೃತ ಎಚ್ಚರಿಕೆ.” ಆ ನಾಲ್ಕು ಸೆಕೆಂಡಿನ ಕೊನೆಯಲ್ಲಿ, ಕಾಯಿಗಳ ಗಡಗಡದ ಹಿಂದಿನಿಂದ, ನನ್ನ ಅಜ್ಜಿ ಅಟ್ಟದ ಮೇಲಿನ ಚಿಕ್ಕಪ್ಪನಿಗೆ “ಮೆಲ್ಲಗ್ ಇಳ್ಸ್ಲಾ, ಒಡ್ದೋಗ್ತೈತೆ!” ಎಂದು ಕೂಗುತ್ತಾರೆ. ಅದು ಅಲ್ಲಿರುವುದು ನನಗೆ ಮೊದಲು ತಿಳಿದಿರಲಿಲ್ಲ. ನೂರು ಸಲ ಕೇಳಿ ಪರೀಕ್ಷಿಸಿದ ಮೇಲೂ ಕಾಲೇಜಿಗೆ ಮೊದಲಿಗಳಾದವಳ ಕಿವಿಗೆ ಅದು ಬೀಳಲಿಲ್ಲವೆಂದರೆ ತಾವು ನಗಬಹುದು. ಆದರೆ ಕೊಬ್ಬರಿ ಇಳಿಸುವ ದಿನ ನಮ್ಮ ಮನೆಯಲ್ಲಿ ಆ ಕೂಗು ಸದ್ದಿನ ಲೆಕ್ಕಕ್ಕೆ ಬರುವುದಿಲ್ಲ, ಗೋಡೆ, ಗಡಿಯಾರಗಳಂತೆ ಅದೂ ಮನೆಯಲ್ಲಿರುವ ವಸ್ತು. ಅದನ್ನು ಮೊದಲು ಕೇಳಿದವರು, ವಿಮಾನವು ತಮ್ಮ ಅಂಗಡಿಗೆ ಬರುವ ಮೊದಲು ಅದನ್ನು ನನಗಾಗಿ ಪರೀಕ್ಷಾರ್ಥವಾಗಿ ಹಾರಿಸುತ್ತಿದ್ದ ಫಿನ್ಲೆಂಡಿನ ಒಬ್ಬ ನಿವೃತ್ತ ಬಸ್ ಚಾಲಕರು. ಪ್ರತಿ ಸಲ ದಡಾರನೆ ಇಳಿಸಿದಾಗ ತಲೆಯ ಮೇಲಿನಿಂದ ಒಬ್ಬ ಮಹಿಳೆ ಗದರುತ್ತಾರೆ, ಇದು ಭಾರತದ ವಿಮಾನಗಳಲ್ಲಿ ಕಡ್ಡಾಯವೇ ಎಂದು ಅವರು ವಿನಯದಿಂದ ವಿಚಾರಿಸಿದ್ದರು. ನಾನು ಅರ್ಥ ತಿಳಿಸಿದ ಮೇಲೆ, ತಾನು ಬಸ್ಸು ಓಡಿಸುತ್ತಿದ್ದಾಗ ತನ್ನ ತಾಯಿಯೂ ಹಿಂದಿನ ಸೀಟಿನಿಂದ ಹೆಚ್ಚುಕಡಿಮೆ ಇದನ್ನೇ ಹೇಳುತ್ತಿದ್ದರೆಂದು ಬರೆದರು. ವಿಮಾನವು ಮೆತ್ತಗೆ ಇಳಿದರೆ ಗೂಡುಗಳು ಅದುರುವುದಿಲ್ಲ, ಗೂಡುಗಳು ಅದುರದಿದ್ದರೆ ಅಜ್ಜಿ ಮಾತನಾಡುವುದಿಲ್ಲ. ಹೀಗಾಗಿ ಪರೀಕ್ಷಕರೆಲ್ಲರೂ ಅಜ್ಜಿಯ ಬಾಯಿಂದ ತಪ್ಪಿಸಿಕೊಳ್ಳಲೆಂದೇ ನಾಜೂಕಾಗಿ ಇಳಿಸುವುದನ್ನು ಕಲಿತುಬಿಟ್ಟರು. ತುರುವೇಕೆರೆಯ ದಂತವೈದ್ಯರೂ ನಮ್ಮ ಪರೀಕ್ಷಕರೂ ಆದ ಸೂರ್ಯಪ್ರಕಾಶ್ ಅವರಂತೂ, ಹಲ್ಲು ಕೀಳುವಾಗ ರೋಗಿಯೊಬ್ಬ “ಮೆಲ್ಲಗ್ ಸಾರ್, ಒಡ್ದೋಗ್ತೈತೆ” ಎಂದಾಗ ತಮ್ಮ ಕಣ್ಣೆದುರು ರನ್‌ವೇ ಬಂದು ನಿಂತಿತೆಂದು ಹೇಳಿದರು.

ಅಜ್ಜಿಯನ್ನು ಕಳೆದುಕೊಂಡು ನಾವು ಮೂಕರಾಗಬಾರದೆಂಬ ಕರುಣೆಯಿಂದ ತಾವು ಅವರ ಜಾಗಕ್ಕೆ ತಮ್ಮ ಅಂಗಡಿಯ ಅಧಿಕೃತ ಧ್ವನಿಯೊಂದನ್ನು ಉಚಿತವಾಗಿ ಕಳುಹಿಸಿಕೊಟ್ಟಿದ್ದೀರಿ. “ದಯವಿಟ್ಟು ಅವರೋಹಣದ ವೇಗವನ್ನು ಕಡಿಮೆಗೊಳಿಸಿರಿ” ಎಂದು ಆ ತಾಯಿ, ತಾವು ಗುರುತಿಸಲಾಗದೆಂದ ಅದೇ ಭಾಷೆಯಲ್ಲೇ, ಜೇನಿನಂಥ ಕಂಠದಲ್ಲಿ ಹೇಳುತ್ತಾರೆ. ಜೋಡಿಸಿ ನೋಡದೆ ಟೀಕಿಸುವುದು ವೈಜ್ಞಾನಿಕವಲ್ಲವೆಂದು ಜೋಡಿಸಿದೆ. ಪಕ್ಕದ ಕೋಣೆಯಲ್ಲಿದ್ದ ಅಪ್ಪ ಎದ್ದು ಬಂದು, “ಕಟ್ ಮಾಡವ್ವ ಫೋನು, ಲೋನ್ ಬೇಕಾ ಅಂತ ಕೇಳ್ತಾರೆ” ಎಂದರು. ವಿಮಾನವು ಅಷ್ಟರಲ್ಲಿ ರನ್‌ವೇ ಬಿಟ್ಟು ಹುಲ್ಲಿಗಿಳಿದಿತ್ತು. ಆ ಕಂಠ ಕೇಳಿ ಯಾರೂ ಎಚ್ಚೆತ್ತು ವಿಮಾನವನ್ನು ಮೆತ್ತಗೆ ಇಳಿಸುವುದಿಲ್ಲ.

ನಮ್ಮ ಮನೆಯಲ್ಲಿ ತಮ್ಮ ಪಕ್ಷ ವಹಿಸುವವರೇ ಹೆಚ್ಚೆಂಬುದನ್ನು ತಿಳಿಸಲು ಸಂತೋಷಪಡುತ್ತೇನೆ. ಅಪ್ಪ, “ಒಂದ್ ಮಾತ್ ತೆಗುದ್ರೆ ಪಾಸ್ ಮಾಡ್ತೀನಿ ಅಂತೈತಲ್ಲವ್ವಾ, ತೆಗ್ದು ಕಳ್ಸು. ಎಲ್ಡ್ ವರ್ಸದಿಂದ ಕಣ್ಣು ಕೆಡುಸ್ಕಂಡಿದೀಯ” ಎಂದರು. ಚಿಕ್ಕಪ್ಪ ಈಗಾಗಲೇ ತಿಪಟೂರಿನ ಹರಾಜಿಗೆ ಬಂದವರಿಗೆಲ್ಲ ನಮ್ಮುಡ್ಗಿ ಇಮಾನ ಅಂಗಡಿಗೆ ಬತ್ತೈತೆ ಎಂದು ಸಾರಿ, ಒಬ್ಬ ವರ್ತಕರಿಗೆ ಕಿಟಕಿ ಪಕ್ಕದ ಸೀಟನ್ನೂ ಹಿಡಿದಿಟ್ಟಿದ್ದಾರೆ. ಇನ್ನು ತಮ್ಮಿಂದ ನೇರವಾಗಿ ನೊಂದ ಕಕ್ಷಿದಾರರಾದ ಅಜ್ಜಿ, ನೊಂದ ಲಕ್ಷಣವನ್ನೇನೂ ತೋರದೆ, “ಬುಡು ಕಣೇ. ಆ ಮಿಸನ್ನು ನನ್ ಬಾಯ್ ಮುಚ್ಚುಸ್ತೀನಿ ಅಂದ್ರೆ ಮುಚ್ಚುಸ್ಲಿ ನೋಡಾನ. ನಿಮ್ ತಾತುನ್ ಕೈಲೇ ಆಗ್ಲಿಲ್ಲ” ಎಂದು ಹುರುಳಿ ಆರಿಸುವುದನ್ನು ಮುಂದುವರಿಸಿದರು.

ಆದ್ದರಿಂದ, ಮಾನ್ಯರೇ, ನಾನು ಅದನ್ನು ತೆಗೆದೆ. ನಿನ್ನೆ ಬೆಳಿಗ್ಗೆ, ವಿಧೇಯ ವಿದ್ಯಾರ್ಥಿನಿಯಂತೆ, ತಮ್ಮ ಆದೇಶದಲ್ಲಿದ್ದ ಪ್ರಕಾರವೇ ಆ ನಾಲ್ಕು ಸೆಕೆಂಡುಗಳನ್ನು ಕತ್ತರಿಸಿ, ಗೊರವಂಕವನ್ನು ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿಸಿದೆ. ಮಧ್ಯದಲ್ಲಿ ನಮ್ಮ ತಾಲ್ಲೂಕಿನ ಮೇಲೆ ಹಾರುವಾಗ ಕೆಳಗೆ ನೋಡಿದೆ. ಅಲ್ಲಿ ತೋಟಗಳಿದ್ದಲ್ಲೆಲ್ಲ ತಮ್ಮ ಕಂಪನಿಯವರು ಹಿಮದ ಬೆಟ್ಟಗಳಲ್ಲಿ ಬೆಳೆಯುವ ಮೊನೆತಲೆಯ ಪೈನ್ ಮರಗಳನ್ನು ನೆಟ್ಟಿದ್ದಾರೆ. ವಿಮಾನದೊಳಗೆ ನಾಲ್ಕು ಸೆಕೆಂಡಿನ ತೆಂಗಿನಕಾಯಿಯನ್ನು ಹಿಡಿದ ತಾವು, ಹೊರಗೆ ಮೂರು ತಾಲ್ಲೂಕುಗಳಲ್ಲಿ ಒಂದೂ ತೆಂಗಿನಮರವಿಲ್ಲದಿರುವುದನ್ನು ಹೇಗೆ ಹಿಡಿಯದೆ ಬಿಟ್ಟಿರೆಂದು ಆಲೋಚಿಸುತ್ತಿದ್ದುದರಿಂದಲೋ ಏನೋ, ಇಳಿಸುವಾಗ ನನ್ನ ಕೈ ಜಾರಿತು. ಗಾಲಿಗಳು ದಡ್ಡೆಂದು ನೆಲಕ್ಕೆ ಬಡಿದವು. ಆಮೇಲೆ ಗೂಡುಗಳಿಂದ ಏನೂ ಬರಲಿಲ್ಲ. ಎಪ್ಪತ್ತು ಆಸನಗಳ ವಿಮಾನ ಅಷ್ಟು ಸುಮ್ಮನಿದ್ದುದನ್ನು ನಾನು ಅದೇ ಮೊದಲು ಕೇಳಿದೆ. ಅಷ್ಟರಲ್ಲಿ ಅಡುಗೆಮನೆಯಿಂದ, ಬಾಗಿಲು, ಗೋಡೆ ಎರಡನ್ನೂ ದಾಟಿಕೊಂಡು, “ಏನೇ ಅದು ದಡ್ ಅಂತು! ಮೆಲ್ಲಗ್ ಇಳ್ಸೇ, ಒಡ್ದೋಗ್ತೈತೆ!” ಎಂಬ ಕೂಗು ಬಂತು.

ಈ ಹಿನ್ನೆಲೆಯಲ್ಲಿ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳು ಹೀಗಿವೆ. ನನ್ನ ಕಡತಗಳ ಮೇಲೆ ತಮಗಿರುವ ಅಧಿಕಾರವನ್ನು ದಯವಿಟ್ಟು ನಮ್ಮ ಅಡುಗೆಮನೆಗೂ ವಿಸ್ತರಿಸಿ, ಅಲ್ಲಿನ ಅನಧಿಕೃತ ಎಚ್ಚರಿಕೆಯನ್ನೂ ನಿಲ್ಲಿಸಿಕೊಡಬೇಕು. ಅದು ತಮ್ಮಿಂದ ಸಾಧ್ಯವಾದರೆ ನಮ್ಮ ತಾತನ ಪಟದ ಪಕ್ಕದಲ್ಲೇ ತಮ್ಮದೊಂದು ಪಟವನ್ನೂ ತೂಗುಹಾಕುತ್ತೇವೆ. ತಾವು ಒಮ್ಮೆ ಬಿಡುವು ಮಾಡಿಕೊಂಡು, ಏಣಿಯೇರಿ ನಮ್ಮ ಅಟ್ಟಕ್ಕೆ ಬಂದು, ಉಳಿದ ಶೇಕಡಾ ಮೂರರಷ್ಟು ಸಂಶಯವನ್ನು ಕಾಯಿಗಳ ಸಮ್ಮುಖದಲ್ಲೇ ಬಗೆಹರಿಸಿಕೊಳ್ಳಬೇಕು. ಹಾಗೆಯೇ ‘ಗುರುತಿಸಲಾಗದ ಭಾಷೆ’ ಎಂದು ತಾವು ಬರೆದಿರುವ ಭಾಷೆಯಲ್ಲೇ ಈ ಪತ್ರವನ್ನು ಬರೆದಿರುವುದರಿಂದ, ತಮಗೆ ಇದನ್ನು ಓದಿ ಹೇಳಲು ಯಾರನ್ನಾದರೂ ನೇಮಿಸಿಕೊಳ್ಳಬೇಕು; ನಮ್ಮ ಚಿಕ್ಕಪ್ಪ ಸದ್ಯಕ್ಕೆ ಖಾಲಿ ಇದ್ದಾರೆ, ಸ್ವಲ್ಪ ಸೇರಿಸಿ ಹೇಳುತ್ತಾರೆ ಅಷ್ಟೆ.

ಉತ್ತೀರ್ಣ, ಅನುತ್ತೀರ್ಣ ಎಂಬ ಎರಡು ಮುದ್ರೆಗಳಲ್ಲಿ ತಾವು ಯಾವುದನ್ನು ಒತ್ತಿದರೂ ನೇರವಾಗಿ, ಅಕ್ಷರಗಳು ಅಳಿಸದಂತೆ ಒತ್ತಬೇಕೆಂದು ಕೋರುತ್ತೇನೆ. ನನ್ನ ಅಂಕಪಟ್ಟಿಗಳನ್ನೆಲ್ಲ ಅಪ್ಪ ಚೌಕಟ್ಟು ಹಾಕಿಸಿ ನಡುಮನೆಯ ಗೋಡೆಯ ಮೇಲಿಟ್ಟಿದ್ದಾರೆ, ಇದನ್ನೂ ಅದೇ ಸಾಲಿನಲ್ಲಿ ಇಡಲು ಹೇಳಿದ್ದೇನೆ. ಮೊಳೆ ಹೊಡೆದಾಗಿದೆ.

ಶೇಕಡಾ ತೊಂಬತ್ತೇಳರಷ್ಟು ತಮ್ಮ ವಿಶ್ವಾಸಿ,
ಸುಷ್ಮಿತಾ

ಮರೆತ ಮಾತು: ಈ ಪತ್ರವನ್ನು ಅಜ್ಜಿಗೆ ಓದಿ ಹೇಳಿದೆ. ತಮ್ಮನ್ನು ಒಂದು ಸಲ ಮನೆಗೆ ಕಳುಹಿಸಿಕೊಟ್ಟರೆ ಕಿವಿಯ ಬಳಿ ಹಿಡಿದು ಕುಲುಕಿ ನೋಡಿ, ತಾವು ಆಗಿದ್ದೀರೋ ಇನ್ನೂ ಅಟ್ಟದ ಮೇಲೆ ಒಂದು ವರ್ಷ ಇರಬೇಕೋ ಎಂಬುದನ್ನು ಖರ್ಚಿಲ್ಲದೆ ಹೇಳುತ್ತಾರಂತೆ. ನಿನ್ನೆ ಕತ್ತರಿಸಿದ ನಾಲ್ಕು ಸೆಕೆಂಡುಗಳು ನಿನ್ನೆಯೇ ಮತ್ತೆ ಗೂಡು ಸೇರಿವೆ. ಇನ್ನು, ಗಡುವಿಗೆ ಇನ್ನೂ ಸಮಯವಿರುವಾಗಲೇ ತಮ್ಮ ಪ್ರಶ್ನೆ ಮತ್ತು ಅದಕ್ಕೆ ನನ್ನ ಉತ್ತರ. ಪ್ರಶ್ನೆ: ಸದರಿ ಧ್ವನಿಯನ್ನು ತೆಗೆದು ವಿಮಾನವನ್ನು ಮರುಸಲ್ಲಿಸುವಿರಾ? ಉತ್ತರ: ಸದರಿ ಧ್ವನಿಯನ್ನು ನಾನು ತೆಗೆಯುವುದಿಲ್ಲ.